ಜೋಲು ಹಗ್ಗದ ನೋಲೀನ್

ನೋಲೀನ್ ಸ್ಟ್ಯಾಗ್‌ಗೆ ‘ಜೋಲು ನೋಲೀನ್’ ಎಂದು ಹೆಸರಿಟ್ಟದ್ದು ಅವಳಿಗೆ ಆಗದವರು. ಆ ಹೆಸರನ್ನು ಅವರಿಂದ ಕಿತ್ತುಕೊಂಡು ತನ್ನ ಹೆಲ್ಮೆಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದುಕೊಂಡದ್ದು ಅವಳೇ.

ಹ್ಯೂವನ್ ನದಿಯ ದಕ್ಷಿಣಕ್ಕಿರುವ ಕಾಡಿನಲ್ಲಿ ಮರ ಕಡಿದು ಸಾಗಿಸುವ ಲಾರಿಗಳಿಗೆ ಅಡ್ಡ ಕೂತವರಲ್ಲಿ ನಾನು ಹಳಬ. ಗೇಟಿಗೆ ಸರಪಳಿ ಬಿಗಿದುಕೊಂಡಿದ್ದೇನೆ, ಸಿಮೆಂಟಿನಲ್ಲಿ ಕೈ ಹೂತುಕೊಂಡಿದ್ದೇನೆ, ಹೋಬಾರ್ಟ್ ಜೈಲಿನ ಗಂಜಿಯನ್ನೂ ಕುಡಿದಿದ್ದೇನೆ. ಧೈರ್ಯವಂತರನ್ನು ಬೇಕಾದಷ್ಟು ನೋಡಿದವನು ನಾನು. ಅವರಲ್ಲಿ ಅರ್ಧ ಜನ ಕ್ಯಾಮೆರಾದವನು ಹೋದ ಕೂಡಲೇ ಮರದಿಂದ ಕೆಳಗಿಳಿಯುತ್ತಾರೆ. ನೋಲೀನ್ ಆ ಪೈಕಿ ಅಲ್ಲ. ಕ್ಯಾಮೆರಾ ಕಂಡರೆ ಅವಳು ಬೆನ್ನು ತಿರುಗಿಸುತ್ತಿದ್ದಳು, ಮುಂದಿನ ಎರಡು ಹಲ್ಲು ಇರಲಿಲ್ಲ.

ಅವಳದು ಹಗ್ಗದ ಕೆಲಸ. ಅಣೆಕಟ್ಟಿನ ಗೋಡೆ, ಸೇತುವೆಯ ಹೊಟ್ಟೆ, ಗೋಧಿ ಕಣಜದ ನೆತ್ತಿ, ಹೀಗೆ ಏಣಿ ನಿಲ್ಲದ, ಸಾರುವೆ ಕಟ್ಟಲಾಗದ ಜಾಗಗಳಲ್ಲಿ ನೇತಾಡಿಕೊಂಡು ತುಕ್ಕು ಕೆರೆಯುವುದು, ಬೋಲ್ಟು ಬಿಗಿಸುವುದು. ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಹೊಟ್ಟೆ ಹೊರೆದುಕೊಂಡವಳ ಬಾಯಿ ಹೇಗಿರುತ್ತದೋ ಹಾಗಿತ್ತು ಅವಳ ಬಾಯಿ. ಆ ಕೆಲಸದವರಲ್ಲಿ ಒಂದು ಕಟ್ಟಳೆಯಿದೆ. ಹಗ್ಗ ಕಟ್ಟಿದವರು ಯಾರೋ ಅವರೇ ಮೊದಲು ಅದರ ಮೇಲೆ ಮೈಭಾರ ಬಿಡಬೇಕು. ಆಮೇಲೆ ಉಳಿದವರು.

ಒಂದು ಸಲ ಸೇತುವೆಯೊಂದರ ಕೆಳಗೆ ಎರಡು ಕಂಬಗಳ ನಡುವೆ ಅಡ್ಡಹಗ್ಗ ಕಟ್ಟಿ, ಅದಕ್ಕೆ ನೇತುಬಿದ್ದು ಕೆಲಸ ಮಾಡಬೇಕಿತ್ತು. ನೋಲೀನ್ ಹಗ್ಗವನ್ನು ನಡುವೆ ಚೆನ್ನಾಗಿ ಜೋಲು ಬಿಟ್ಟು ಕಟ್ಟಿದ್ದಳು. ಅವತ್ತು ಕಂಪನಿಯ ದೊಡ್ಡವರು ನೋಡಲು ಬರುವವರಿದ್ದರು. ಮೇಸ್ತ್ರಿಗೆ ಆ ಜೋಲು ನೋಡಿ ಅವಮಾನವಾಯಿತು. ‘ನಮ್ಮಜ್ಜಿ ಚಡ್ಡಿ ಒಣಗಹಾಕೋ ಹಗ್ಗ ಇದ್ದಂಗಿದೆ’ ಎಂದು ರಾಟೆ ಹಾಕಿಸಿ, ಎಳೆಸಿ, ನೆಟ್ಟಗೆ ಮಾಡಿಸಿದ. ಊಟ ಮುಗಿಸಿ ಬಂದ ನೋಲೀನ್ ಹಗ್ಗವನ್ನೊಮ್ಮೆ ನೋಡಿದಳು.

“ಬಿಗಿದಿದ್ದು ನೀನು. ಮೊದಲು ನೀನೇ ಹತ್ತು.”

“ನಿಂಗೆ ಸಂಬಳ ಕೊಡೋದು ಹತ್ತೋಕೆ ಕಣಮ್ಮ, ಪಾಠ ಹೇಳೋಕಲ್ಲ.”

“ಹಂಗಾದ್ರೆ ನಿಮ್ಮಜ್ಜೀನೇ ಕರ್ಕೊಂಬಂದು ಹತ್ತಿಸು. ಚಡ್ಡೀನೂ ಒಣಗುತ್ತೆ.”

ಹೀಗೆ ಹೇಳಿ, ಸೊಂಟಪಟ್ಟಿಯಿಂದ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆ ಕಳಚಿಟ್ಟು ಅಲ್ಲೇ ಕೂತಳು. ಅವಳ ಹಿಂದೆ ಡ್ಯಾರೆಲ್ ವೀಚ್ ಎಂಬ ಗುಂಗುರು ಕೂದಲಿನ ಹೊಸಬ ತನ್ನ ಕೊಕ್ಕೆ ಕಳಚಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ದೊಡ್ಡವರು ಬಂದು, ಖಾಲಿ ಹಗ್ಗ ನೋಡಿ ಹೋದರು. ಸಂಜೆ ಹಗ್ಗ ಸಡಿಲಿಸಿ ಕೆಲಸ ಶುರುವಾಯಿತು.

ಯಾರೂ ಬೀಳಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಯಾರಾದರೂ ಸತ್ತಿದ್ದರೆ ತನಿಖೆ ನಡೆದು, ನೋಲೀನ್ ಹೇಳಿದ್ದೇ ಸರಿಯೆಂದು ಯಾರೋ ಒಬ್ಬರು ಒಪ್ಪಿಕೊಳ್ಳುತ್ತಿದ್ದರು. ಎಲ್ಲರೂ ಬದುಕಿದ್ದರಿಂದ ಅವಳು ಬರೀ ಬಾಯಿಬಡುಕಿಯಾದಳು. ಮತ್ತೆ ಯಾವ ಕಂಪನಿಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಸೇಬಿನ ತೋಟಗಳ ಏಣಿ ರಿಪೇರಿ ಮಾಡಿಕೊಂಡು, ಕೋಳಿ ಸಾಕಿಕೊಂಡು ಇದ್ದಳು. ಸೊಂಟದ ಕೀಲು ಸವೆದು ಅಲ್ಲಿಗೆ ಉಕ್ಕು ಹಾಕಿಸಿಕೊಂಡಳು.

ಕಾಡು ಉಳಿಸಲು ಹೂಡಿದ್ದ ನಮ್ಮ ಕ್ಯಾಂಪಿಗೆ ಅವಳು ಬಂದದ್ದು ಮರದ ಮೇಲಿನ ಪ್ರೀತಿಯಿಂದಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದವಳು ನಮ್ಮ ಹಗ್ಗದ ಗಂಟುಗಳನ್ನು ನೋಡಿ ಮೈ ಉರಿದು ಕಾರು ನಿಲ್ಲಿಸಿದಳು.

ಅವತ್ತು ಗುರುವಾರ. ಸೋಮವಾರ, ಮರ ಕಡಿಯದಂತೆ ತಡೆ ಕೋರಿದ ನಮ್ಮ ಅರ್ಜಿ ಕೋರ್ಟಿನ ಮುಂದೆ ಬರುವುದಿತ್ತು. ಶನಿವಾರ ಭಾನುವಾರ ಲಾರಿ ಓಡುವುದಿಲ್ಲ. ಹಾಗಾಗಿ ಶುಕ್ರವಾರ ಒಂದು ದಿನ ರಸ್ತೆ ಮುಚ್ಚಿಟ್ಟರೆ ಗೆದ್ದ ಹಾಗೆ. ಮರ ಕಡಿಯುವ ಯಂತ್ರಗಳು ಒಳಗೆ ಹೋಗಿಬಿಟ್ಟರೆ ಸೋಮವಾರ ವಾದ ಮಾಡಲು ಮರಗಳೇ ಇರುತ್ತಿರಲಿಲ್ಲ. ರಸ್ತೆಯ ಎರಡು ಬದಿಯ ಎರಡು ದೊಡ್ಡ ನೀಲಗಿರಿ ಮರಗಳ ನಡುವೆ, ಎತ್ತರದಲ್ಲಿ, ಆಂಗಸ್ ಅಡ್ಡಹಗ್ಗ ಕಟ್ಟಿಸಿದ್ದ. ಆಂಗಸ್ ಬಡಗಿ, ಕ್ಯಾಂಪಿನ ಯಜಮಾನಿಕೆ ಅವನದು. ಹಗ್ಗದ ನಡುವೆ ಒಬ್ಬರು ನೇತಾಡಿಕೊಂಡು ಕೂರುವುದು. ಕೆಳಗೆ ಲಾರಿ ಹೋದರೆ ಜೀವಕ್ಕೆ ಅಪಾಯವೆಂದು ಪೊಲೀಸರೇ ಲಾರಿ ಬಿಡುವುದಿಲ್ಲ. ಕೂರಲು ಒಪ್ಪಿಕೊಂಡವಳು ಮೇವ್, ಪಟ್ಟಣದ ಆಸ್ಪತ್ರೆಯ ನರ್ಸ್. ಆಂಗಸ್ ಆ ಹಗ್ಗವನ್ನು ಎಷ್ಟು ಬಿಗಿದಿದ್ದನೆಂದರೆ ಮೀಟಿದರೆ ನಾದ ಬರುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ.

ನೋಲೀನ್ ಕೈಯಲ್ಲೊಂದು ಕಡುಬಿನಂಥ ಪೈ ಹಿಡಿದು ಬಂದು, ಕತ್ತೆತ್ತಿ ನೋಡಿ ಕೇಳಿದಳು: “ಇವತ್ತು ಸಾಯೋಕೆ ಹೊರಟಿರೋದು ಯಾರು?”

ಮೇವ್ ಕೈಯೆತ್ತಿದಳು, ಪಾಪ, ತಮಾಷೆಯೆಂದುಕೊಂಡು.

“ನೀವ್ಯಾರಮ್ಮ?” ಎಂದ ಆಂಗಸ್.

“ಹಗ್ಗಕ್ಕೆ ನೆಂಟಳು. ಬಾ ಇಲ್ಲಿ. ನೀನೂ ಬಾರೇ ಸಾಯೋಳೇ.”

ಒಂದು ಹಗ್ಗದ ತುದಿಗಳನ್ನು ಇಬ್ಬರ ಕೈಗೂ ಕೊಟ್ಟು, ನಡುವೆ ಒಲೆಯ ಮೇಲಿನ ದೊಡ್ಡ ಕೆಟಲನ್ನು ನೀರಿನ ಸಮೇತ ನೇತುಹಾಕಿದಳು. ಹಗ್ಗ ಜೋತುಬಿದ್ದಿತು, ಇಬ್ಬರೂ ಸಲೀಸಾಗಿ ನಿಂತಿದ್ದರು.

“ಈಗ ನೆಟ್ಟಗೆ ಮಾಡಿ.”

ಎಳೆದರು. ಕೆಟಲ್ ಮೇಲೆ ಬರಬರುತ್ತಾ ಇಬ್ಬರ ಮುಖ ಕೆಂಪಾಯಿತು. ಇನ್ನೇನು ನೆಟ್ಟಗಾಗಬೇಕು ಎನ್ನುವಾಗ ಮೇವ್ ಮುಗ್ಗರಿಸಿದಳು, ಆಂಗಸನ ಕೈಯಿಂದ ಹಗ್ಗ ಜಾರಿ ನೀರೆಲ್ಲ ನನ್ನ ಬೂಟಿನ ಮೇಲೆ ಚೆಲ್ಲಿತು.

“ಕೆಟಲ್ ದಪ್ಪ ಆಯ್ತಾ? ಇಲ್ವಲ್ಲ. ನೀವು ನೆಟ್ಟಗೆ ಮಾಡ್ದಷ್ಟೂ ಎಳೆತ ನಿಮ್ಮ ಕೈಗೇ ಬಂತು. ಅಲ್ಲಿ ಮೇಲೆ ಕೆಟಲ್ ಬದಲು ಈ ಹುಡುಗಿ ಇರ್ತಾಳೆ, ನಿಮ್ಮ ಕೈ ಬದಲು ಮರಕ್ಕೆ ಸುತ್ತಿರೋ ಪಟ್ಟಿ ಇರುತ್ತೆ. ಇವಳ ತೂಕದ ಎಷ್ಟೋ ಪಟ್ಟು ಒಂದೊಂದು ಪಟ್ಟಿ ಮೇಲೂ ಬೀಳುತ್ತೆ. ಜೋಲು ಬಿಡ್ರೋ.”

ಆಂಗಸ್ ಸೋಲುವ ಆಸಾಮಿಯಲ್ಲ. “ಸರಿ, ಜೋಲು ಬಿಟ್ಟೆ ಅಂತಿಟ್ಕೊಳ್ಳಿ. ಇವಳು ಕೆಳಗೆ ಇಳೀತಾಳೆ. ಪೊಲೀಸರ ಕ್ರೇನ್ ಬುಟ್ಟಿಗೆ ಆರಾಮಾಗಿ ಸಿಕ್ತಾಳೆ. ತಿಂಡಿ ಹೊತ್ತಿಗೆ ರಸ್ತೆ ಖಾಲಿ. ನಿಮ್ಮ ಹಗ್ಗ ಗೆಲ್ಲುತ್ತೆ, ಕಾಡು ಹೋಗುತ್ತೆ. ಏನ್ಮಾಡ್ಲಿ ಹೇಳಿ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೋಲೀನ್‌ಗೂ ಅದು ಗೊತ್ತಾಯಿತು. ಪೈಯನ್ನು ಪೂರ್ತಿ ತಿಂದು ಮುಗಿಸಿದಳು. ಆಮೇಲೆ ಕೈ ಪ್ಯಾಂಟಿಗೆ ಒರೆಸಿಕೊಂಡು, “ತುದಿಗಳು ಇನ್ನೂ ಮೇಲೆ ಹೋಗ್ಬೇಕು” ಎಂದಳು.

ಇನ್ನೂ ಮೇಲೆ ಎಂದರೆ ಕಾಂಡ ಸಣ್ಣದಾಗಿ, ಗಾಳಿಗೆ ಮರವೇ ತೂಗುವ ಜಾಗ. ನಮ್ಮಲ್ಲಿ ಯಾರೂ ಅಲ್ಲಿವರೆಗೆ ಹತ್ತಿದವರಿರಲಿಲ್ಲ. ಅರವತ್ತು ದಾಟಿದ ಆ ಹೆಂಗಸು ಉಕ್ಕಿನ ಸೊಂಟ ಹೊತ್ತುಕೊಂಡು, ಮಧ್ಯಾಹ್ನವೆಲ್ಲ ಒಂದು ಮರ ಹತ್ತಿ, ಇಳಿದು, ಇನ್ನೊಂದನ್ನು ಹತ್ತಿದಳು. ಬಯ್ಯುವುದಕ್ಕೆ ಉಸಿರು ಸಿಕ್ಕಾಗಲೆಲ್ಲ ನಮ್ಮನ್ನು ಬಯ್ದಳು. ಹಗ್ಗ ನಡುವೆ ಧಾರಾಳವಾಗಿ ಜೋತುಬಿದ್ದಿತ್ತು, ಆದರೂ ಮೊದಲಿಗಿಂತ ಎತ್ತರದಲ್ಲಿತ್ತು. ತುದಿಗಳಲ್ಲಿ ಒಂದು ಗೇಣೂ ಹೆಚ್ಚುವರಿ ಬಿಡದೆ ಕತ್ತರಿಸಿಬಿಟ್ಟಳು.

ಮೇವ್ ಸೊಂಟಪಟ್ಟಿ ಬಿಗಿದುಕೊಳ್ಳುತ್ತಿದ್ದಳು. “ನೀನ್ಯಾಕೆ?” ಎಂದಳು ನೋಲೀನ್. “ಕಟ್ಟಿದ್ದು ನಾನು. ನೀನು ಹೋಗಿ ಟೀ ಮಾಡು, ನೀರು ಚೆಲ್ಲಬೇಡ.”

ಶುಕ್ರವಾರ ಬೆಳಿಗ್ಗೆ ಪೊಲೀಸರು ಬಂದರು, ಹಿಂದೆ ಲಾರಿಗಳ ಸಾಲು. ಕ್ರೇನಿನ ಬುಟ್ಟಿ ಏರಿ ಏರಿ ಅವಳ ಬೂಟಿನಿಂದ ಎರಡಾಳುದ್ದ ಕೆಳಗೆ ನಿಂತುಹೋಯಿತು. ಬುಟ್ಟಿಯಲ್ಲಿದ್ದ ಪೊಲೀಸು ಕೈ ಚಾಚಿದ. ನೋಲೀನ್ ಅವನ ತಲೆಯ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿದಳು.

ಆಗ ಹಗ್ಗದ ಕೆಲಸ ಗೊತ್ತಿದ್ದ ಪೊಲೀಸ್ ತಂಡವನ್ನು ಕರೆಸಿದರು. ಅದರ ಸಾರ್ಜೆಂಟ್ ಒಂದು ಮರ ಹತ್ತಿ ಹಗ್ಗದ ತುದಿಯ ಹತ್ತಿರ ಬಂದು ಹೆಲ್ಮೆಟ್ ಸರಿಸಿ ಬೆವರು ಒರೆಸಿಕೊಂಡ. ಬೋಳುತಲೆ.

“ಡ್ಯಾರೆಲ್!” ಎಂದು ಕೂಗಿದಳು ನೋಲೀನ್. “ಕೂದ್ಲನ್ನೆಲ್ಲ ಸರ್ಕಾರಕ್ಕೆ ಕೊಟ್ಬಿಟ್ಯೇನೋ?”

ಅವನು ಡ್ಯಾರೆಲ್ ವೀಚ್, ಸೇತುವೆಯ ಕೆಳಗೆ ಅವಳ ಹಿಂದೆಯೇ ಕೊಕ್ಕೆ ಕಳಚಿದ್ದ ಹೊಸಬ.

“ನೋಲೀನ್, ಸುಮ್ನೆ ಇಳಿದು ಬಾ. ನನ್ನ ಕೈಲಿ ಕೆಲಸ ಮಾಡಿಸ್ಬೇಡ.”

“ನಿನ್ನ ಕೆಲಸ ನೀನು ಮಾಡೋ. ನನ್ನ ಕೆಲಸ ನಾನು ಮಾಡ್ತಿದೀನಿ, ಕೂತಿದೀನಿ.”

ಕೆಳಗಿನಿಂದ ಇನ್ಸ್‌ಪೆಕ್ಟರ್ ವೈರ್‌ಲೆಸ್ಸಿನಲ್ಲಿ ಅರಚುತ್ತಿದ್ದುದು ನಮಗೂ ಕೇಳುತ್ತಿತ್ತು. ರಾಟೆ ಹಾಕಿ ಹಗ್ಗವನ್ನು ನೆಟ್ಟಗೆ ಎಳೆ, ನೀನೂ ಅದರ ಮೇಲೆ ಹೋಗಿ ಅವಳನ್ನು ಮರದ ಕಡೆಗೆ ಎಳೆದು ತಾ, ಮಧ್ಯಾಹ್ನದೊಳಗೆ ರಸ್ತೆ ಖಾಲಿಯಾಗಬೇಕು, ಇದು ಅವನ ಆಜ್ಞೆ. ಹಗ್ಗ ಸಡಿಲಿಸಿ ಅವಳನ್ನು ಕೆಳಗೆ ಬಿಡೋಣವೆಂದರೆ ತುದಿಯಲ್ಲಿ ಬಿಡಲು ಹಗ್ಗವಿರಲಿಲ್ಲ. ಅವಳ ಭಾರ ಬಿದ್ದ ಗಂಟು ಬಿಚ್ಚಬೇಕೆಂದರೂ ಮೊದಲು ಎಳೆಯಲೇಬೇಕು.

ಡ್ಯಾರೆಲ್ ಚೀಲದಿಂದ ರಾಟೆ ತೆಗೆದ. ಗಾಳಿ ಎದ್ದು ಎರಡೂ ಮರಗಳು ತೂಗುತ್ತಿದ್ದವು.

“ಎಳಿ,” ಎಂದಳು ನೋಲೀನ್. ದನಿಯಲ್ಲಿ ತಮಾಷೆಯಿರಲಿಲ್ಲ. “ಆದ್ರೆ ಕಟ್ಟಳೆ ನಿಂಗೆ ಗೊತ್ತಲ್ಲ. ಬಿಗಿದೋರು ಮೊದಲು ಹತ್ತಬೇಕು. ನಿನ್ನ ಇನ್ಸ್‌ಪೆಕ್ಟರ್ ಹೇಳಿ ಬಿಗಿಸ್ತಿರೋದು, ಅವನನ್ನೇ ಮೇಲೆ ಕರಿ. ನಾನು ಇಲ್ಲಿಂದ ಕದಲೋಳಲ್ಲ. ಅವನು ಬರಲಿ, ಅವನೂ ನಾನೂ ಒಟ್ಟಿಗೆ ಬೀಳೋಣ.”

ಡ್ಯಾರೆಲ್ ಮರಕ್ಕೆ ಸುತ್ತಿದ್ದ ಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡಿದ. ತೊಡೆಗಾತ್ರದ ಕಾಂಡವನ್ನು ನೋಡಿದ. ಆಚೆ ಮರವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ರಾಟೆಯನ್ನು ಚೀಲಕ್ಕೆ ಹಾಕಿ, ಹಗ್ಗಕ್ಕೆ ಹಾಕಿದ್ದ ತನ್ನ ಕೊಕ್ಕೆಯನ್ನು ಕಳಚಿದ.

“ಆಗಲ್ಲ ಸಾರ್,” ಎಂದ ವೈರ್‌ಲೆಸ್ಸಿನಲ್ಲಿ. ಆ ಕಡೆಯಿಂದ ಏನೋ ಬಯ್ಗುಳ ಬಂತು. “ಹಾಗಾದ್ರೆ ನೀವೇ ಬನ್ನಿ ಸಾರ್. ನಾನು ಬಿಗಿಯಲ್ಲ, ನಮ್ಮ ಹುಡುಗರನ್ನೂ ಹತ್ತಿಸಲ್ಲ.”

ಇನ್ಸ್‌ಪೆಕ್ಟರ್ ಮೇಲೆ ಬರಲಿಲ್ಲ. ಮಧ್ಯಾಹ್ನದ ಮೇಲೆ ಲಾರಿಗಳು ಒಂದೊಂದಾಗಿ ಹಿಂದಕ್ಕೆ ಹೊರಟವು. ಅದರಿಂದ ಡ್ಯಾರೆಲ್ ನಮ್ಮ ಕಡೆಯವನಾದ ಎಂದೇನೂ ತಿಳಿಯಬೇಡಿ. ಅವನಿಗೆ ತನ್ನ ತಂಡದವರ ಜೀವ ಮುಖ್ಯ, ಅಷ್ಟೇ. ಇಳಿದರೆ ಪೊಲೀಸರು ಹಗ್ಗ ಬಿಚ್ಚಿಬಿಡುತ್ತಾರೆಂದು ಶನಿವಾರ ಭಾನುವಾರವೂ ಮೇಲೆಯೇ ಇದ್ದ ನೋಲೀನ್, ಸೋಮವಾರ ಕೋರ್ಟು ತಡೆಯಾಜ್ಞೆ ಕೊಟ್ಟ ಸುದ್ದಿ ಬಂದ ಮೇಲೆ ತಾನಾಗಿ ಕೆಳಗಿಳಿದಳು. ಅಷ್ಟು ದಿನ ನೇತಾಡಿ ಕಾಲು ಮರಗಟ್ಟಿತ್ತು, ಮೇವ್ ಮತ್ತು ಆಂಗಸ್ ಎರಡೂ ಕಡೆ ಹಿಡಿದುಕೊಂಡಿದ್ದರು. ಅವಳನ್ನು ಬಂಧಿಸಲು ಕಾಯುತ್ತಿದ್ದವನು ಅದೇ ಡ್ಯಾರೆಲ್. ರಸ್ತೆ ತಡೆದ ಆರೋಪ ಓದಿ ಹೇಳಿ, ಸೊಂಟದಿಂದ ಕೈಕೋಳ ತೆಗೆದ. ನೋಲೀನ್ ಎರಡೂ ಕೈ ಮುಂದೆ ಚಾಚಿದಳು.

“ಸ್ವಲ್ಪ ಜೋಲು ಬಿಡೋ,” ಎಂದಳು. “ಕಲಿಸಿದ್ದು ಮರೀಬೇಡ.”

ಅವನು ಜೋಲು ಬಿಟ್ಟೇ ಕೋಳ ತೊಡಿಸಿದ.