ಅಗಲ ಮೊದಲೋ, ಎತ್ತರ ಮೊದಲೋ?

ಕಳೆದ ಸೋಮವಾರ ನಮ್ಮೂರಿಗೆ ಚಕ್ಕಡಿಯಲ್ಲಿ ಆರು ಕಿಟಕಿಗಳು ಬಂದವು. ಒಂದೂ ಗೋಡೆಯೊಳಗೆ ಕೂಡಲಿಲ್ಲ.

ಮಂಡಲ ಪಂಚಾಯಿತಿ ಕಟ್ಟಿಸುತ್ತಿರುವ ವಾಚನಾಲಯದ ಕಿಟಕಿಗಳವು. ಗೌಂಡಿ ಬಿಟ್ಟಿದ್ದ ಜಾಗ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಬಂದವು ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. (ಎತ್ತಿ ನಿಲ್ಲಿಸಿದರೆ ಹಿಡಿಸುತ್ತವೆ ಅಂದ ಗೌಂಡಿ. ಹಿಡಿಸುತ್ತವೆ, ಕದಗಳು ಮಾತ್ರ ಆಕಾಶಕ್ಕೆ ತೆರೆಯುತ್ತವೆ!)

ಜೀಪಿನಿಂದಿಳಿದ ಹೊಸ ಓವರ್‌ಸೀಯರ್ ಸಾಹೇಬರು ಬಡಿಗೇರ ಕಲ್ಲಪ್ಪನ ಮೇಲೆ ಹರಿಹಾಯ್ದರು. "ಅಂಕಿ ಓದಾಕ ಬರೂದಿಲ್ಲೇನು? ತಪ್ಪಾತಂತ ಹೆಬ್ಬೆಟ್ಟ ಒತ್ತು. ಇಲ್ಲಂದ್ರ ಪಂಚಾಯ್ತಿ ಕೆಲಸ ನಿನಗ ಇನ್ನ ಬಂದ್!"

ಕಲ್ಲಪ್ಪ ರುಮಾಲಿನಿಂದ ಚೀಟಿ ತೆಗೆದ. ಅದರಲ್ಲಿದ್ದದ್ದು ಎರಡೇ ಅಂಕಿ: ೪, ೩.

"ಸಾಹೇಬ್ರ, ನಮ್ಮಪ್ಪನ ಕಾಲದಿಂದ ಈ ಊರಾಗ ಚೀಟಿ ಅಂದ್ರ ಅಗಲ ಮೊದ್ಲ, ಎತ್ತರ ಆಮ್ಯಾಲ. ಬೇಕಾದ್ರ ಹೊಸಾ ಕಿಡಕಿ ಮಾಡಿಕೊಡ್ತೀನ್ರಿ. ತಪ್ಪಂತ ಮಾತ್ರ ಹೆಬ್ಬೆಟ್ಟ ಒತ್ತೂದಿಲ್ರಿ."

"ಆ ಪದ್ಧತಿ ಹಳೇದಾತು. ಈಗ ಎತ್ತರ ಮೊದ್ಲ."

ಹಳೆಯದಾಯಿತು, ಸರಿ. ಯಾವಾಗ? ಯಾರು ಡಂಗುರ ಸಾರಿದ್ದರು? ಆಫೀಸಿನ ನಕ್ಷೆಯಲ್ಲಿ ಕ್ರಮ ಬದಲಾದರೆ ಬಡಿಗೇರನಿಗೆ ಕನಸು ಬೀಳಬೇಕೇ? ನಮ್ಮೂರಿನ ಅಷ್ಟೂ ಮನೆಗಳ ಬಾಗಿಲು ಆ ಹಳೆಯ ಚೀಟಿಯಿಂದಲೇ ಆದವು. ಒಂದೂ ಅಡ್ಡ ಮಲಗಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಮಾಸ್ತರ್ರ, ನೀವರ ಹೇಳ್ರಿ," ಎಂದ ಕಲ್ಲಪ್ಪ ನನ್ನತ್ತ ತಿರುಗಿ.

ಸಿಟ್ಟು ಅಲ್ಲಿಗೇ ಇಳಿಯಿತು. ಯಾಕೆಂದರೆ ಆ ಚೀಟಿ ಬರೆದವನು ನಾನೇ! ವಾಚನಾಲಯ ಸಮಿತಿಯ ಸದಸ್ಯ ನಾನು. ಕುಂದಗೋಳದ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವಸರದಲ್ಲಿ ನಕ್ಷೆ ನೋಡಿ ಎರಡು ಅಂಕಿ ಗೀಚಿ ಓಡಿದ್ದೆ. ಸಾಹೇಬರ ಕ್ರಮ ನನಗೆ ಗೊತ್ತಿತ್ತು, ಕಲ್ಲಪ್ಪನದೂ ಗೊತ್ತಿತ್ತು. ಪ್ರತಿ ವಾರ ಈ ಅಂಕಣದಲ್ಲಿ ನಿಮಗೆ ಇಷ್ಟುದ್ದ ಬರೆಯುವವನಿಗೆ ಅಂದು ಅಗಲ, ಎತ್ತರ ಎಂಬ ಎರಡು ಶಬ್ದ ಭಾರವಾಗಿದ್ದವು. ನಾಚಿಕೆಯಾಯಿತು.

ಎಲ್ಲರೆದುರು ಹೇಳಿದೆ. ಸಾಹೇಬರು ಗಡ್ಡ ಕೆರೆದುಕೊಂಡರು. "ಹಂಗಾದ್ರ ನೀವ ಬರಕೊಡ್ರಿ."

ಬರೆದುಕೊಟ್ಟೆ. ತಪ್ಪು ನನ್ನದು, ಕಲ್ಲಪ್ಪನದಲ್ಲ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ಈ ಊರಿನ ಹಳೆಯ ಚೀಟಿಗಳಲ್ಲಿ ಮೊದಲ ಅಂಕಿ ಅಗಲ, ಎರಡನೆಯದು ಎತ್ತರ, ಅವು ಇಂದಿಗೂ ಸರಿ. ಇನ್ನು ಮುಂದಿನ ಚೀಟಿಗಳಲ್ಲಿ ಅಂಕಿಯ ಬಾಜು ಅಗಲ, ಎತ್ತರ ಎಂದು ಬರೆಯತಕ್ಕದ್ದು.

"ಆ ಕೆಳಗಿನ ಸಾಲು ಹೊಡದ ಹಾಕ್ರಿ," ಅಂದರು ಸಾಹೇಬರು.

ಹೊಡೆದು ಹಾಕಲಿಲ್ಲ. ಹಾಕುವುದೂ ಇಲ್ಲ.

ಕಾಗದ ಈಗ ಅವರ ಮೇಜಿನ ಮೇಲಿದೆ, ಹೆಬ್ಬೆಟ್ಟಿನ ಮಾತನ್ನು ಅವರಿನ್ನೂ ಬಿಟ್ಟಿಲ್ಲ, ಕಲ್ಲಪ್ಪನ ಕೆಲಸ ಇನ್ನೂ ತೂಗುಯ್ಯಾಲೆಯಲ್ಲಿದೆ. ಎರಡು ಶಬ್ದ ಬರೆಯದ ನನ್ನನ್ನು ಯಾರೂ ಸಮಿತಿಯಿಂದ ತೆಗೆದಿಲ್ಲ. ಬರೆದದ್ದನ್ನು ಬರೆದಂತೆಯೇ ಮಾಡಿಕೊಟ್ಟವನ ಹೆಬ್ಬೆಟ್ಟು ಯಾಕೆ ಬೇಕು?