ಒಂದು ವರ್ಷದ ಗವಸುಗಳು

ವರ್ಷದ ಕೊನೆಯ ದಿನ ಮನೆ ಗುಡಿಸಲು ಹೊರಟ ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಆ ವರ್ಷ ಮನೆಯವರಿಗೆಲ್ಲ ಒಂದೊಂದು ಹೊಸ ಹವ್ಯಾಸದ ಹುಚ್ಚು ಹತ್ತಿತ್ತು. ಮೂಲೆಯಲ್ಲಿ ಮಗಳ ಗಿಟಾರು, ಬೀರುವಿನ ಮೇಲೆ ಮಗನ ಕ್ಯಾಮೆರಾ, ಮಂಚದ ಕೆಳಗೆ ಹೆಂಡತಿಯ ಬಣ್ಣದ ಪೆಟ್ಟಿಗೆ. ಒಂದೊಂದೂ ಮನೆಗೆ ಬಂದ ದಿನವೇ ಅವನು ಗಿರಾಕಿಗಳ ಬಟ್ಟೆ ಬದಿಗಿಟ್ಟು, ಅಳತೆ ತೆಗೆದು, ಅಸ್ತರು ಕೊಟ್ಟು, ಅದಕ್ಕೊಂದು ಗವಸು ಹೊಲಿದಿದ್ದ. ಈಗ ನೋಡಿದರೆ ಗವಸುಗಳ ಮೇಲೆಲ್ಲ ಬೆರಳು ದಪ್ಪ ಧೂಳು.

"ನಾಲ್ಕು ದಿನ ಕುಣಿದ್ರಿ, ಆಮೇಲೆ ತಿರುಗಿ ನೋಡಿದೋರಿಲ್ಲ! ನಾನು ಹೊಲಿದಿದ್ದೆಲ್ಲ ದಂಡ!" ಎಂದು ಕೂಗಾಡಿದ.

ಹೆಂಡತಿಗೂ ರೇಗಿತು. "ನಿಮ್ಮ ಗುಂಡಿ ಬಿಚ್ಚಿ, ಲಾಡಿ ಬಿಚ್ಚಿ, ಪೆಟ್ಟಿಗೆ ಹೊರಗೆ ತೆಗೆಯೋಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿರುತ್ತೆ. ಗವಸಿಗೆ ಚೂರು ಬಣ್ಣ ತಾಗಿದ್ರೆ ಮನೆ ಹಾರಿಹೋಗೋ ಹಾಗೆ ಕಿರುಚ್ತೀರಿ. ಯಾರ್ರೀ ಮುಟ್ತಾರೆ ಅದನ್ನ?"

"ನಾನೂ ಕೊಳಲು ತಂದಿಲ್ವಾ? ನಿಮ್ಮ ಥರ ಮೂಲೆಗೆ ಹಾಕಿದ್ದೀನಾ?"

ಮಗಳು ಗೋಡೆಯ ಮೊಳೆಯಿಂದ ಕೊಳಲನ್ನು ತೆಗೆದು ಅವನ ಕೈಗಿಟ್ಟಳು. ಮಖಮಲ್ಲಿನ ಗವಸು, ಜರಿಯ ಅಂಚು. ಕೊಳಲು ಜಾರಿ ಬೀಳಬಾರದೆಂದು ಗವಸಿನ ಬಾಯನ್ನು ಅವನೇ ಸುತ್ತ ಹೊಲಿದು ಮುಚ್ಚಿದ್ದ.