ಸಿನಿಮಾದಲ್ಲಿ ಸಿಗದ ಬೋರಯ್ಯ

ಆಂಧ್ರದ ಗಡಿಯೊಳಗಿನ ಅಮರಾಪುರದ ಲಕ್ಷ್ಮಕ್ಕನಿಗೆ ಸಿನಿಮಾ ಹುಚ್ಚು ಎಂದು ಊರವರು ಆಡಿಕೊಳ್ಳತೊಡಗಿದ್ದು ಗಂಡ ಬೋರಯ್ಯ ಕಾಣೆಯಾದ ಮೇಲೆ. ಕುರಿ ಕೊಳ್ಳಲು ಶಿರಾ ಸಂತೆಗೆಂದು ಬಸ್ಸು ಹತ್ತಿದವನು ಸಂತೆಗೂ ಹೋಗಿರಲಿಲ್ಲ, ಮನೆಗೂ ಬರಲಿಲ್ಲ. ಅವನ ಫೋನು ಅವತ್ತೇ ಸತ್ತಿತ್ತು. ಠಾಣೆಯ ಕಾನ್‌ಸ್ಟೇಬಲ್, "ವಸ್ತಾಡ್ಲೇಮ್ಮಾ, ಬರ್ತಾನೆ ಹೋಗು" ಎಂದು ತೆಲುಗು ಕನ್ನಡ ಎರಡರಲ್ಲೂ ಸಮಾಧಾನ ಹೇಳಿ ಕಳಿಸಿದ್ದ. ವರ್ಷವೇ ಕಳೆಯಿತು.

"ಗಂಡ ಎಲ್ಲವ್ನೋ ಏನೋ, ಇವ್ಳು ನೋಡು, ಫೋನಲ್ಲಿ ಪಿಚ್ಚರ್ ಹಾಕ್ಕೊಂಡು ಕೂತವ್ಳೆ" ಎಂದು ಕಡಲೆಕಾಯಿ ಬಿಡಿಸುವ ಹೆಂಗಸರು ಅವಳ ಕಿವಿಗೆ ಬೀಳುವಂತೆಯೇ ಅಂದರು.

ಸಿನಿಮಾ ಹುಚ್ಚು ಅವಳದಲ್ಲ, ಬೋರಯ್ಯನದು. ಕೈಯಲ್ಲಿ ಕೆಲಸವಿಲ್ಲದ ದಿನ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಡಕಶಿರಾದ ಟಾಕೀಸಿಗೆ ಕರೆದೊಯ್ಯುತ್ತಿದ್ದ. ಪರದೆಯ ಮೇಲಿನವನು ಜಾರಿ ಬೀಳುವ ಮೊದಲೇ ಇವನು ನಕ್ಕುಬಿಡುತ್ತಿದ್ದ. "ಕಾಮಿಡಿ ಪಿಚ್ಚರ್‌ನಾಗೆ ಯಾರೂ ಸಾಯಲ್ಲ ಕಣೇ. ಬಾವಿಗೆ ಬಿದ್ದವ್ನೂ ಬಟ್ಟೆ ಹಿಂಡ್ಕೊಂಡು ಎದ್ದು ಬತ್ತಾನೆ" ಅನ್ನುತ್ತಿದ್ದ.

ಆಗ ಅದು ಸುಮ್ಮನೆ ಆಡಿದ ಮಾತು. ಈಗ ಆ ಸಿನಿಮಾಗಳನ್ನೇ ಒಂದೊಂದಾಗಿ ಹುಡುಕಿ ನೋಡುವಾಗ, ಮಾತಿಗೆ ಬೇರೆಯದೇ ತೂಕ ಬಂದಿತ್ತು. ಎಲ್ಲರೂ ಹುಡುಕುವ ಮನುಷ್ಯ ಮಂಚದ ಕೆಳಗೇ ಇರುತ್ತಿದ್ದ. ಎಷ್ಟು ಪೆದ್ದು ಕೆಲಸ ಮಾಡಿದ್ದರೂ ಕೊನೆಗೆ ಅವನಿಗೊಂದು ಮನೆ, ಬೈದು ಒಳಗೆ ಕರೆದುಕೊಳ್ಳುವ ಹೆಂಡತಿ ಇರುತ್ತಿದ್ದಳು. ಅವಳಿಗೆ ನಗು ಬರುತ್ತಿರಲಿಲ್ಲ, ಕೈ ಮುಗಿಯಬೇಕೆನಿಸುತ್ತಿತ್ತು. ಒಂದು ಸೋಮವಾರ ಹೇಮಾವತಿ ಊರಿನ ಗುಡಿಯಲ್ಲಿ ಸಿದ್ದೇಶ್ವರನ ಮುಂದೆ ನಿಂತು ಬೇಡಿದ್ದೂ ಅಷ್ಟನ್ನೇ: ಬಟ್ಟೆ ಹಿಂಡಿಕೊಂಡಾದರೂ ಬರಲಿ.

ಬರಲಿಲ್ಲ. ಆಮೇಲೆ ಅವಳು ಕೊಲೆ, ಪತ್ತೇದಾರಿಯ ಥ್ರಿಲ್ಲರ್‌ಗಳಿಗೆ ಹೊರಳಿದಳು. ಅವುಗಳಲ್ಲಿ ಯಾವುದೂ ವ್ಯರ್ಥವಲ್ಲ. ಉದುರಿದ ಗುಂಡಿ, ಅರ್ಧ ಕುಡಿದಿಟ್ಟ ಟೀ, ಎಲ್ಲಕ್ಕೂ ಒಂದು ಅರ್ಥ. ಅವಳು ತನ್ನ ಮನೆಯನ್ನೂ ಹಾಗೆಯೇ ನೋಡತೊಡಗಿದಳು. ಅವತ್ತು ಅವನು ಟವೆಲ್ಲು ಯಾಕೆ ಬಿಟ್ಟು ಹೋದ? ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ್ದೇನನ್ನು? ಥ್ರಿಲ್ಲರ್‌ಗಳು ಇನ್ನೊಂದನ್ನೂ ಕಲಿಸಿದವು. ಎಲ್ಲರಿಗಿಂತ ಹೆಚ್ಚು ಓಡಾಡಿ ಸಹಾಯ ಮಾಡುವವನೇ ಕೊನೆಗೆ ಕೊಂದವನಾಗಿರುತ್ತಾನೆ.

ಈ ಮನೆಯಲ್ಲಿ ಓಡಾಡುತ್ತಿದ್ದವನು ಮೈದುನ ಜುಂಜಣ್ಣ. ಆಗಾಗ ಬೈಕು ಹತ್ತಿ ಹೋಗುತ್ತಿದ್ದ, ಎಲ್ಲಿಗೆಂದು ಹೇಳುತ್ತಿರಲಿಲ್ಲ. ಬಂದವನು ಅಂಗಳದಲ್ಲೇ ನಿಂತು ತಲೆಯ ಮೇಲೆ ನೀರು ಸುರಿದುಕೊಂಡೇ ಹೊಸಿಲು ದಾಟುತ್ತಿದ್ದ. ಹಾಗೆ ಸ್ನಾನ ಮಾಡುವುದು ಹೆಣ ನೋಡಿ ಬಂದವರು.

ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ, ಇಷ್ಟದ ಅಡುಗೆ ಇಟ್ಟು ಎಡೆ ಹಾಕುವ ದಿನ. ಜುಂಜಣ್ಣ ಒಂದು ಪಂಚೆ ಹೆಚ್ಚಿಗೆ ತಂದಿದ್ದ.

"ಅಣ್ಣಂಗೂ ಒಂದು ಎಡೆ ಇಡಾನ ಅತ್ಗೆ."

ಎಡೆ ಇಟ್ಟರೆ ಬೋರಯ್ಯ ಅವತ್ತಿಗೆ ಸತ್ತಂತೆ, ಅವಳು ತಾಳಿ ತೆಗೆಯಬೇಕು. ಇಡದಿದ್ದರೆ, ಅವನು ನಿಜಕ್ಕೂ ಸತ್ತಿದ್ದರೆ, ಹಸಿದುಕೊಂಡೇ ಅಲೆಯಬೇಕು. ಲಕ್ಷ್ಮಕ್ಕ ಮೈದುನನತ್ತ ತಿರುಗಿದಳು.

"ಅವ್ರು ಸತ್ತವ್ರೆ ಅಂತ ನಿಂಗೆಂಗೆ ಗೊತ್ತು? ನೀನೇ ಸಾಯ್ಸಿದ್ದಕ್ಕಾ?"

ಬೇಳೆ ಆರಿಸುತ್ತಿದ್ದ ಅತ್ತೆ ನರಸಮ್ಮ ಮೊರ ಬಿಟ್ಟರು. "ಏನೇ ಅಂದೆ? ನಿನ್ ನಾಲ್ಗೆ ಬಿದ್ದೋಗ!"

ಜುಂಜಣ್ಣ ಕೂಗಾಡಲಿಲ್ಲ. ಪಂಚೆ ಹಿಡಿದುಕೊಂಡೇ ನೆಲಕ್ಕೆ ಕುಳಿತ.

"ಪಿಚ್ಚರ್ ಚೆನ್ನಾಗಿ ಕಲಿಸೈತೆ ಬಿಡು. ನಾನ್ ಎಲ್ಲಿಗೋಗ್ತಿದ್ದೆ ಗೊತ್ತಾ? ಹಿಂದೂಪುರ, ಶಿರಾ, ತುಮಕೂರು. ಗುರುತಿಲ್ಲದ ಹೆಣ ಬಂದೈತೆ ಅಂತ ಆಸ್ಪತ್ರೆಯಿಂದ ಫೋನ್ ಬತ್ತದೆ. ಹೋಗಿ ಬಟ್ಟೆ ಎತ್ತಿ ಮುಖ ನೋಡ್ಬೇಕು. ಕೆಲವಕ್ಕೆ ಮುಖಾನೇ ಇರಲ್ಲ, ಕಾಲಿನ ಬೆರಳು ನೋಡ್ಬೇಕು. ಅಣ್ಣ ಅಲ್ಲ ಅಂದ್ರೆ ಖುಷಿ ಆಯ್ತದೆ. ಆಮೇಲೆ ನನ್ ಮ್ಯಾಲೇ ಥೂ ಅನ್ಸುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಎಡೆ ಇಟ್ಬಿಟ್ರೆ ಫೋನ್ ಬಂದ್ರೂ ಹೋಗಂಗಿಲ್ಲ ಅಂದ್ಕೊಂಡೆ. ಇನ್ ನನ್ ಕೈಲಾಗಲ್ಲ ಅತ್ಗೆ."

ವರ್ಷವೆಲ್ಲ ಒಂದು ಸುಳಿವಿಗಾಗಿ ಕಣ್ಣು ನೆಟ್ಟಿದ್ದ ಲಕ್ಷ್ಮಕ್ಕನಿಗೆ, ಕಣ್ಣೆದುರೇ ನಡುಗುತ್ತ ನೀರು ಸುರಿದುಕೊಂಡವನ ಸಂಕಟ ಕಂಡಿರಲಿಲ್ಲ. ಅವನ ತೊಡೆಯ ಮೇಲಿದ್ದ ಪಂಚೆಯನ್ನು ತೆಗೆದುಕೊಂಡಳು.

"ಎಡೆ ಬ್ಯಾಡ ಜುಂಜಣ್ಣ. ಇನ್ಮೇಲೆ ಫೋನ್ ಬಂದ್ರೆ ನಾನ್ ಒಳೀಕ್ ಹೋಗ್ತೀನಿ. ನೀನ್ ಆಚೇನೇ ನಿಂತ್ಕೋ."

ನರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅವತ್ತು ಹಿರಿಯರಿಗಷ್ಟೇ ಎಡೆ ಬಿತ್ತು.

ದಸರೆ ಕಳೆದ ಮೇಲೆ ತುಮಕೂರಿನಿಂದ ಫೋನು ಬಂತು. ಜುಂಜಣ್ಣ ಆಸ್ಪತ್ರೆಯ ಶವಾಗಾರದ ಬಾಗಿಲವರೆಗೆ ಬಂದು ನಿಂತುಬಿಟ್ಟ. ಲಕ್ಷ್ಮಕ್ಕ ಸಿದ್ದೇಶ್ವರನ ಹೆಸರು ಹೇಳಿಕೊಂಡು ಒಳಗೆ ಹೋಗಿ ಬಟ್ಟೆ ಎತ್ತಿದಳು. ಕುರುಚಲು ಗಡ್ಡ, ಬೋರಯ್ಯನದೇ ವಯಸ್ಸು, ಕಿವಿಯಲ್ಲೊಂದು ಸಣ್ಣ ರಿಂಗು. ಬೋರಯ್ಯನಲ್ಲ.

"ಇವ್ರ ಕಡೆಯೋರು ಯಾರೂ ಬಂದಿಲ್ವಾ?" ಎಂದು ಅಲ್ಲಿಯ ಆಳನ್ನು ಕೇಳಿದಳು.

"ಎಲ್ಲೋ ಹುಡುಕ್ತಾ ಇರ್ತಾರಮ್ಮ, ನಿಮ್ಮಂಗೇ."

ಬಟ್ಟೆಯನ್ನು ಮೊದಲಿನಂತೆ ಸರಿಮಾಡಿ ಹೊರಗೆ ಬಂದಳು. ಜುಂಜಣ್ಣ ಅವಳ ಮುಖ ನೋಡಿಯೇ ತಿಳಿದುಕೊಂಡು ಉಸಿರು ಬಿಟ್ಟ.

"ನಡಿ ಅತ್ಗೆ, ಬಸ್ಸಿಗೆ ಹೊತ್ತಾಯ್ತು."

"ಯಾರ ಗಂಡನೋ ಕಣೋ," ಅಂದಳು ಲಕ್ಷ್ಮಕ್ಕ. "ಅವ್ಳು ಬತ್ತಾಳೇನೋ. ಒಸಿ ಹೊತ್ತು ಇರಾನ."

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಜುಂಜಣ್ಣ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತುಕೊಂಡ.